ಕಛೇರಿಗೆ ಹೋಗಿ ಬಾವುಟ ಎಣಿಸಿದವರು

ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪ್ರತಿ ಬೇಸಿಗೆ ಸುಮಾರು ಎಂಟು ವಾರ ಬಿಬಿಸಿ ಪ್ರಾಮ್ಸ್ ಅಂತ ಕಛೇರಿ ನಡೆಯುತ್ತೆ, 1895ರಲ್ಲಿ ಶುರುವಾಗಿದ್ದು. ಅಷ್ಟೂ ವಾರ ಅಲ್ಲಿ ಯಾರಿಗೂ ದೇಶಭಕ್ತಿ ನೆನಪಾಗಲ್ಲ. ಬೀಥೊವನ್ ಬಂದ್ರೂ ಸರಿ, ಚೈಕೋವ್‌ಸ್ಕಿ ಬಂದ್ರೂ ಸರಿ, ಜನ ತೆಪ್ಪಗೆ ಕೇಳಿ, ಚಪ್ಪಾಳೆ ತಟ್ಟಿ, ಕೊನೇ ಟ್ರೈನ್ ಹಿಡಿದು ಮನೆಗೆ ಹೋಗ್ತಾರೆ. ಆದ್ರೆ ಸೆಪ್ಟೆಂಬರ್ ಎರಡನೇ ಶನಿವಾರ 'ಲಾಸ್ಟ್ ನೈಟ್' ಬಂತು ಅಂದ್ರೆ ಮುಗೀತು, ಅವತ್ತು ಮೈಮೇಲೆ ದೇವರು ಬಂದಂಗೆ ಆಡ್ತಾರೆ. ಕೋಟು, ಟೋಪಿ, ಟೈ ಎಲ್ಲಾ ಯೂನಿಯನ್ ಜ್ಯಾಕ್, ಅಂದ್ರೆ ಬ್ರಿಟನ್ನಿನ ಬಾವುಟ. ನಾವಿಕರ ಹಾಡಿನ ಮೇಡ್ಲಿ ಶುರುವಾದ್ರೆ ರಿಟೈರ್ಡ್ ಮೇಷ್ಟ್ರು ಥರ ಇರೋ ಗಂಭೀರ ಮನುಷ್ಯರೂ ಮಂಡಿ ಬಗ್ಗಿಸಿ ಬಗ್ಗಿಸಿ ಕುಪ್ಪಳಿಸ್ತಾ ಪೀಪಿ ಊದ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ ಬಿಡಿ, ವರ್ಷಕ್ಕೊಂದು ದಿನ ಇಂಗ್ಲಿಷರು ನಗೋದು ನೋಡೋಕೆ ಚೆನ್ನಾಗೇ ಇರುತ್ತೆ.

ಗಲಾಟೆ ಶುರುವಾಗಿದ್ದು 2016ರಲ್ಲಿ. ಜೂನ್‌ನಲ್ಲಿ ಯುರೋಪಿಯನ್ ಯೂನಿಯನ್ ಬಿಡೋಣ ಅಂತ 52-48 ಲೆಕ್ಕದಲ್ಲಿ ಬ್ರೆಕ್ಸಿಟ್ ಓಟು ಬಿತ್ತು, ಸೆಪ್ಟೆಂಬರ್‌ನಲ್ಲಿ ಕಛೇರಿಗೆ ಬಂದವರ ಕೈಲಿ ಅದೇ ಯೂನಿಯನ್ನಿನ ಹನ್ನೆರಡು ನಕ್ಷತ್ರದ ನೀಲಿ ಬಾವುಟ. ಅದು ಸೋತವರ ಸಿಟ್ಟು, ಒಂದು ವರ್ಷದಲ್ಲಿ ಇಳಿಯುತ್ತೆ ಅಂದ್ಕೊಂಡ್ರು. ಎಲ್ಲಿ ಇಳಿಯೋದು! 2020ರಲ್ಲಿ ದೇಶ ಯೂನಿಯನ್ನಿಂದ ಅಧಿಕೃತವಾಗಿ ಹೊರಗೆ ಬಂದ್ಮೇಲೂ ಬಾವುಟ ಒಳಗೇ ಉಳ್ಕೊಂಡ್ತು. 2023ರಲ್ಲಂತೂ ಬ್ರೆಕ್ಸಿಟ್ ಬೇಕು ಅಂದವರು ಟೀವಿ ಕ್ಯಾಮೆರಾ ಯಾವ ಕಡೆ ತಿರುಗಿದ್ರೂ ನೀಲಿನೇ ಕಾಣಿಸ್ತು ಅಂತ ಗೋಳೋ ಅಂದ್ರು, ಇಷ್ಟೊಂದು ಬಾವುಟ ಒಳಗೆ ಬಂದಿದ್ದು ಹೆಂಗೆ, ಬಿಬಿಸಿ ತನಿಖೆ ಮಾಡ್ಬೇಕು ಅಂತಾನೂ ಕೂಗೆದ್ದಿತು. ಹೆಂಗೆ ಬಂದವು ಅಂದ್ರೆ ಸ್ವಾಮಿ, ಹಾಲ್ ಹೊರಗಡೆ ನಿಂತು ಹಂಚಿದ್ರು, ಜನ ಇಸ್ಕೊಂಡು ಒಳಗೆ ಬಂದ್ರು. ಇದಕ್ಕೆ ಸ್ಕಾಟ್ಲೆಂಡ್ ಯಾರ್ಡ್ ಯಾಕೆ ಬೇಕು?

ಆಯ್ತು, ತನಿಖೆ ಆಗ್ಲೇಬೇಕು ಅಂದ್ರೆ ಪೂರ್ತಿ ಆಗ್ಲಿ, ಬರೀ ಬಾವುಟದ ಬಟ್ಟೆಗೆ ನಿಲ್ಲಿಸೋದು ಬೇಡ. ಲಾಸ್ಟ್ ನೈಟ್ ದಿನ 'ರೂಲ್ ಬ್ರಿಟಾನಿಯಾ' ಅನ್ನೋ ದೇಶಭಕ್ತಿ ಹಾಡನ್ನ ಎದೆಯುಬ್ಬಿಸಿ ಹಾಡಿಸ್ತಾರಲ್ಲ, ಮೊದಲು ಅದನ್ನ ಹಾಡಿದವರ ಪಾಸ್‌ಪೋರ್ಟ್ ನೋಡಿ. 2015ರಲ್ಲಿ ಯೋನಾಸ್ ಕೌಫ್‌ಮನ್, ಜರ್ಮನ್. 2016ರಲ್ಲಿ, ಅಂದ್ರೆ ನಮ್ಮ ದೇಶ ನಮಗೆ ವಾಪಸ್ ಬೇಕು ಅಂತ ಓಟು ಹಾಕಿದ ಅದೇ ವರ್ಷ, ಹಾಡಿದ್ದು ಪೆರು ದೇಶದ ಹುವಾನ್ ಡಿಯಾಗೊ ಫ್ಲೋರೆಸ್, ಅದೂ ಸೂಟಲ್ಲಿ ಅಲ್ಲ, ಇಂಕಾ ರಾಜನ ವೇಷದಲ್ಲಿ, ತಲೆ ಮೇಲೆ ಕಿರೀಟ ಸಮೇತ. 2019ರಲ್ಲಿ ಅಮೆರಿಕದ ಜೇಮಿ ಬಾರ್ಟನ್. 2023ರಲ್ಲಿ ನೀಲಿ ಬಾವುಟ ನೋಡಿ ಕೆಲವರಿಗೆ ಬಿಪಿ ಏರಿದ ರಾತ್ರಿ ಹಾಡಿದ್ದು ನಾರ್ವೆಯ ಲೀಸೆ ಡೇವಿಡ್‌ಸನ್, ಎದುರಿಗೆ ಕೋಲು ಹಿಡಿದು ನಡೆಸಿದ್ದು ಅಮೆರಿಕದ ಮ್ಯಾರಿನ್ ಆಲ್ಸಪ್. ಇವರೆಲ್ಲಾ ಅದ್ಭುತವಾಗಿ ಹಾಡಿದ್ರು ಬಿಡಿ, ನನ್ನ ತಕರಾರು ಅದಲ್ಲ. ಅಲೆಗಳನ್ನ ಆಳೋ ಬ್ರಿಟಾನಿಯಾನ ಹೊಗಳೋಕೆ ಹೊರಗಿನವರನ್ನ ಕರೆಸಿ, ಸಂಭಾವನೆ ಕೊಟ್ಟು, ಆಮೇಲೆ ಎದುರಿಗೆ ಕೂತವನ ಕೈಲಿ ಹೊರಗಿನ ಬಾವುಟ ಇದೆ ಅಂತ ಬೈಯೋದು ಯಾವ ಸೀಮೆ ನ್ಯಾಯ?

ಆ ಹಾಡು 1740ರದ್ದು. ಬ್ರಿಟನ್ನರು ಎಂದೆಂದಿಗೂ ಗುಲಾಮರಾಗಲ್ಲ ಅಂತ ಅದರಲ್ಲಿ ಬರುತ್ತೆ. ಆ ಕಾಲಕ್ಕೆ ಅವರ ಹಡಗುಗಳು ಆಫ್ರಿಕಾದಿಂದ ಗುಲಾಮರನ್ನ ತುಂಬ್ಕೊಂಡು ಅಮೆರಿಕ ಕಡೆ ಹೋಗ್ತಿದ್ವು, ಸೋ ಗುಲಾಮಗಿರಿ ಅಂದ್ರೆ ಏನು ಅಂತ ಅವರಿಗೆ ಪಕ್ಕಾ ಗೊತ್ತಿತ್ತು ಅನ್ನಿ.

ಇನ್ನು ಅವತ್ತೇ ಹಾಡೋ 'ಲ್ಯಾಂಡ್ ಆಫ್ ಹೋಪ್ ಅಂಡ್ ಗ್ಲೋರಿ', ಇಂಗ್ಲಿಷ್ ಸಂಗೀತಗಾರ ಎಲ್ಗಾರ್‌ನ ಮಾರ್ಚ್ ಟ್ಯೂನಿಗೆ ಪದ ಕೂರಿಸಿದ ಹಾಡು, ನಿನ್ನ ಗಡಿ ಇನ್ನೂ ಅಗಲ ಆಗ್ಲಿ, ಮತ್ತೂ ಅಗಲ ಆಗ್ಲಿ ಅಂತ ದೇವರನ್ನ ಕೇಳ್ಕೊಳ್ಳೋದು. ಬರೆದಾಗ ಸಾಮ್ರಾಜ್ಯ ಇತ್ತು, ಒಪ್ಪೋಣ. ಈಗ ಇರೋ ಯೂನಿಯನ್ನಿಂದ ತಾವೇ ಗಂಟುಮೂಟೆ ಕಟ್ಕೊಂಡು ಆಚೆ ಬಂದು, ಗಡಿ ಅಗಲ ಮಾಡು ದೇವ್ರೇ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ಹಾಡಿದ್ರೆ ಆ ದೇವರಾದ್ರೂ ಏನು ಮಾಡ್ಬೇಕು?

ನೀಲಿ ಬಾವುಟದವರು ಏನೂ ಕಮ್ಮಿ ಇಲ್ಲ, ಅವರನ್ನ ಬಿಟ್ರೆ ಪಕ್ಷಪಾತ ಆಗುತ್ತೆ. ಬಲಗೈಲಿ ಯುರೋಪಿನ ಬಾವುಟ, ಬಾಯಲ್ಲಿ ರೂಲ್ ಬ್ರಿಟಾನಿಯಾ, ಎರಡೂ ಒಂದೇ ಸಲ, ಫುಲ್ ವಾಲ್ಯೂಮ್‌ನಲ್ಲಿ. ಪ್ರತಿಭಟನೆ ಮಾಡೋಕೆ ಬಂದವರು ಕೋರಸ್ ಬಂದಾಗ ಪ್ರತಿಭಟನೆ ಮರೆತು ಹಾಡೋ ದೇಶ ಅದೊಂದೇ ಇರ್ಬೇಕು. ಆದ್ರೂ ಅವರ ಸಂಕಟಕ್ಕೆ ಕಾರಣ ಇದೆ. ಅಲ್ಲಿಯ ವಾದ್ಯಗಾರರು ಮೊದಲೆಲ್ಲಾ ಪಿಟೀಲು ಹೆಗಲಿಗೆ ಹಾಕ್ಕೊಂಡು ಸೀದಾ ಪ್ಯಾರಿಸ್‌ಗೋ ವಿಯೆನ್ನಾಕ್ಕೋ ಹೋಗಿ ನುಡಿಸಿ ಬರ್ತಿದ್ರು, ಈಗ ಒಂದೊಂದು ದೇಶದ ರೂಲ್ಸ್ ಬೇರೆ ನೋಡ್ಬೇಕು, ಸಾಮಾನು ತುಂಬಿದ ಲಾರಿ ಎಷ್ಟು ಕಡೆ ನಿಲ್ಲಬಹುದು ಅನ್ನೋದಕ್ಕೂ ಲೆಕ್ಕ. ಯುರೋಪಿಯನ್ ಯೂನಿಯನ್ ಯೂತ್ ಆರ್ಕೆಸ್ಟ್ರಾ ಅಂತ ಹುಡುಗರ ತಂಡ ಒಂದು, ಲಂಡನ್ನಲ್ಲೇ ಆಫೀಸು ಇಟ್ಕೊಂಡಿದ್ದು, ಬ್ರೆಕ್ಸಿಟ್ ಓಟು ಬಿದ್ಮೇಲೆ ಇಟಲಿಗೆ ಹೊರಟೇಹೋಯ್ತು. ತನಿಖೆ ಬೇಕಾಗಿದ್ದಿದ್ದು ಇದಕ್ಕೆ, ಯಾರೂ ಕೇಳಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಆ ನೀಲಿ ಬಾವುಟ ಮೊದಲು ಯುರೋಪಿಯನ್ ಯೂನಿಯನ್ನಿನದೇ ಅಲ್ಲ. 1955ರಲ್ಲಿ ಅದನ್ನ ತನ್ನದು ಅಂತ ಮಾಡ್ಕೊಂಡಿದ್ದು ಕೌನ್ಸಿಲ್ ಆಫ್ ಯುರೋಪ್ ಅನ್ನೋ ಬೇರೆ ಸಂಸ್ಥೆ, ಯೂನಿಯನ್ನಿನವರು ಬಳಸೋಕೆ ಶುರು ಮಾಡಿದ್ದು ಎಂಬತ್ತರ ದಶಕದಲ್ಲಿ. ಆ ಕೌನ್ಸಿಲ್ ಹುಟ್ಟಿದ ಒಪ್ಪಂದಕ್ಕೆ 1949ರಲ್ಲಿ ಸಹಿ ಬಿದ್ದಿದ್ದು ಎಲ್ಲಿ? ಲಂಡನ್ನಲ್ಲಿ! ಬ್ರಿಟನ್ ಅದರ ಸ್ಥಾಪಕ ಸದಸ್ಯ, ಬ್ರೆಕ್ಸಿಟ್ ಆದ್ರೂ ಅದರಿಂದ ಹೊರಗೆ ಬಂದಿಲ್ಲ. ಅಂದ್ರೆ ಯಾವ ಬಾವುಟ ನೋಡಿ ಹೊರಗಿನದು ಅಂತ ಮೈ ಪರಚ್ಕೊಂಡ್ರೋ ಅದು ಮನೇದೇ. ಯುರೋಪಿನ ರಾಷ್ಟ್ರಗೀತೆ ಅಂತ ಇಟ್ಕೊಂಡಿರೋ ಟ್ಯೂನ್ ಇದೆಯಲ್ಲ, ಬೀಥೊವನ್‌ನ ಒಂಬತ್ತನೇ ಸಿಂಫನಿದು, ಅದಕ್ಕೂ ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿ 50 ಪೌಂಡ್ ಕೊಟ್ಟಿತ್ತು.

ಹೊರಗಿನ ದುಡ್ಡಿನ ಬಗ್ಗೆನೂ ತನಿಖೆ ಆಗೋದಾದ್ರೆ ನಾವು ಮೈಸೂರಿನವರೂ ಸಿಕ್ಕಿಹಾಕ್ಕೋತೀವಿ. 1950ರ ಮೇ 22ಕ್ಕೆ ಇದೇ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೇ ನಾಲ್ಕು ಹಾಡುಗಳು ಮೊದಲನೇ ಸಲ ಕೇಳಿಸಿದ್ದು. ಬರೆದವನು ಜರ್ಮನ್, ನಡೆಸಿದ ಫುರ್ಟ್‌ವೆಂಗ್ಲರ್ ಜರ್ಮನ್, ಮಹಾಯುದ್ಧ ಮುಗಿದು ಐದೇ ವರ್ಷ ಆಗಿತ್ತು ನೆನಪಿರಲಿ. ಹಾಡಿದ ಫ್ಲಾಗ್‌ಸ್ಟಾಡ್ ನಾರ್ವೆಯವರು. ಖರ್ಚಿಗೆ ಬೆನ್ನಿಗೆ ನಿಂತಿದ್ದು ನಮ್ಮ ಜಯಚಾಮರಾಜ ಒಡೆಯರ್. ಅವತ್ತು ಯಾರಾದ್ರೂ ಗಂಡಭೇರುಂಡದ ಬಾವುಟ ಹಾರಿಸಿದ್ರೆ ನ್ಯಾಯವಾಗೇ ಇರ್ತಿತ್ತು, ಬಿಲ್ ಕಟ್ಟಿದವರದ್ದು ತಾನೇ ಬಾವುಟ!

ಸರಿ, ಶುದ್ಧ ಬ್ರಿಟಿಷ್ ಕಛೇರಿನೇ ಬೇಕು ಅಂದ್ರೆ ಮಾಡ್ಲಿ. ಮೊದಲು ಹಾಲ್ ಹೆಸರು ಬದಲಾಯಿಸ್ಬೇಕು, ಆ ಆಲ್ಬರ್ಟ್ ಅಂದ್ರೆ ರಾಣಿ ವಿಕ್ಟೋರಿಯಾ ಗಂಡ, ಜರ್ಮನಿಯ ಕೋಬರ್ಗ್‌ನಿಂದ ಬಂದ ಅಳಿಯ. ನಾವಿಕರ ಮೇಡ್ಲಿಯಲ್ಲಿ ಹ್ಯಾಂಡೆಲ್‌ನ ಟ್ಯೂನ್ ಇದೆ, ಅವನು ಹುಟ್ಟಿದ್ದೂ ಜರ್ಮನಿಯಲ್ಲೇ, ಕತ್ತರಿ ಹಾಕ್ಬೇಕು. ಹಾಡೋಕೆ ಇಂಕಾ ರಾಜ ಬೇಡ. ಇಷ್ಟೆಲ್ಲಾ ತೆಗೆದ್ಮೇಲೆ ಉಳಿಯೋದು ಪ್ರಾಮ್ಸ್ ಬೆಳೆಸಿದ ಹೆನ್ರಿ ವುಡ್ ಸಾಹೇಬರ ಬಸ್ಟ್ ಒಂದೇ, ಅಪ್ಪಟ ಲಂಡನ್ನಿನವರು. ಆದ್ರೆ ಅವರಿಗೂ ಲಾಸ್ಟ್ ನೈಟ್ ದಿನ ಲಾರೆಲ್ ಎಲೆ ಹಾರ ಹಾಕ್ತಾರೆ, ಅದು ಗ್ರೀಕರು ರೋಮನ್ನರ ಪದ್ಧತಿ, ಅದನ್ನೂ ಬಾಗಿಲಲ್ಲೇ ತಡೀಬೇಕಾಗುತ್ತೆ.