ಕಡಲೊಳಗಿನ ಸದ್ದಿನ ಲೆಕ್ಕಕ್ಕೆ ತಳದ ಏರುತಗ್ಗು ಬೇಕೇ ಬೇಕಾ?

ಪರ

ಬೇಕೇ ಬೇಕು. ತಳ ಚಪ್ಪಟೆ ಅಂದುಕೊಂಡರೆ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಅನ್ನೋದೇ ತಪ್ಪಿಹೋಗುತ್ತದೆ.

ಖಂಡದ ಅಂಚಿನ ಇಳಿಜಾರಿನ ಮೇಲೆ ಒಂದು ಸರಕು ಹಡಗು ಹೋಗುತ್ತಿದೆ ಅನ್ನಿ. ಅದರ ಪ್ರೊಪೆಲ್ಲರ್ ಸದ್ದು ತಳಕ್ಕೆ ಬಡಿದು ಆಳದ ಕಡೆಗೆ ಪುಟಿಯುತ್ತದೆ. ಇಳಿಜಾರು 2 ಡಿಗ್ರಿ ಇದ್ದರೆ ಪ್ರತಿ ಬಡಿತಕ್ಕೂ ಸದ್ದಿನ ದಾರಿ 4 ಡಿಗ್ರಿ ಮಲಗುತ್ತದೆ. ಅಡ್ಡ ಗೆರೆಗೆ 20 ಡಿಗ್ರಿ ಇದ್ದದ್ದು 16, ಆಮೇಲೆ 12. ಹೀಗೆ ಮಲಗುತ್ತಾ ಹೋಗಿ ಅದು ಆಳಕಡಲಿನ ಧ್ವನಿ ಕಾಲುವೆಗೆ, ಅಂದರೆ ಸದ್ದಿನ ವೇಗ ಅತಿ ಕಡಿಮೆ ಇರುವ, ಬಹಳ ಕಡೆ ಸುಮಾರು 1,000 ಮೀಟರ್ ಆಳದಲ್ಲಿ ಸಿಗುವ ಪದರಕ್ಕೆ ಸೇರಿಕೊಂಡರೆ, ಮುಂದೆ ಮೇಲ್ಮೈಯನ್ನೂ ಮುಟ್ಟದೆ ತಳವನ್ನೂ ಮುಟ್ಟದೆ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಅದೇ ಹಡಗು ನಡುಗಡಲಿನಲ್ಲಿ ಇದ್ದಿದ್ದರೆ ಅದರ ಸದ್ದು ಈ ಕಾಲುವೆಗೆ ಇಷ್ಟು ಸುಲಭವಾಗಿ ಇಳಿಯುತ್ತಿರಲಿಲ್ಲ. ಹಾಗಾಗಿ ಚಪ್ಪಟೆ ತಳದ ಮಾಡೆಲ್ ಅಡ್ಡ ದಿಕ್ಕಿನಲ್ಲಿ ಮೌನ ತೋರಿಸುವ ಕಡೆಯೇ ನೀರೊಳಗಿನ ಮೈಕ್ ಆದ ಹೈಡ್ರೋಫೋನ್‌ಗೆ ಗದ್ದಲ ಕೇಳಿಸುತ್ತದೆ!

ಉಲ್ಟಾ ದಿಕ್ಕಿನ ಕಥೆಯೂ ಇದೆ. ಇಳಿಜಾರು ಹತ್ತುವ ಸದ್ದು ಕಡಿದಾಗುತ್ತಾ ಹೂಳಿನಲ್ಲಿ ಕರಗುತ್ತದೆ. ಕಡಲೊಳಗಿನ ಬೆಟ್ಟದ ಹಿಂದೆ ಸದ್ದಿಗೂ ನೆರಳು ಬೀಳುತ್ತದೆ. ಫಿನ್ ತಿಮಿಂಗಿಲ ಕೂಗುವುದು 20 ಹರ್ಟ್ಸ್ ಆಸುಪಾಸಿನಲ್ಲಿ, ದೂರದ ಹಡಗುಗಳ ಸದ್ದು ತುಂಬಿಕೊಂಡಿರುವುದೂ ಅಲ್ಲೇ. ಆ ತಿಮಿಂಗಿಲಕ್ಕೆ ಎಲ್ಲಿ ಎಷ್ಟು ತೊಂದರೆ ಅಂತ ಹೇಳುವವರು ಬೆಟ್ಟ ಕಣಿವೆಗಳನ್ನು ಬಿಟ್ಟು ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ವಿರೋಧ

ಯಾವ ಸದ್ದು ಅಂತ ಮೊದಲು ಕೇಳಿ. 1 ಕಿಲೋಹರ್ಟ್ಸ್ ಮೇಲಿನ ಹಿನ್ನೆಲೆ ಸದ್ದು ಹೆಚ್ಚಾಗಿ ಗಾಳಿ, ಒಡೆಯುವ ಅಲೆ, ಗುಳ್ಳೆಗಳದ್ದು. ಆಳಕಡಲಿನಲ್ಲಿ ಅದು ಬಹುಪಾಲು ತಲೆಯ ಮೇಲಿನ ನೀರಿನಿಂದಲೇ ಬರುತ್ತದೆ. ನೂರಾರು ಕಿಲೋಮೀಟರ್ ಆಚೆಯ ಬೆಟ್ಟ ಅಲ್ಲಿ ಏನೂ ಮಾಡಲ್ಲ. 1980ರಲ್ಲಿ ವಿಜ್ಞಾನಿಗಳಾದ ಕೂಪರ್‌ಮನ್ ಮತ್ತು ಇಂಜೆನಿಟೊ ಕೊಟ್ಟ ಮಾಡೆಲ್ ಚಪ್ಪಟೆ ಪದರಗಳದ್ದೇ ಅಲ್ವಾ, ಗಾಳಿಯ ಸದ್ದಿಗೆ ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ನನಗೆ ಜಾಸ್ತಿ ಚಿಂತೆ ನಕ್ಷೆಗಳದ್ದು. ಇಡೀ ಜಗತ್ತಿನ ಕಡಲತಳ ತೋರಿಸುವ ಗೆಬ್ಕೊ ನಕ್ಷೆಯ ಚೌಕಗಳು ಸುಮಾರು 450 ಮೀಟರ್ ಅಂತರದಲ್ಲಿವೆ, ನೋಡಲು ಎಲ್ಲ ಕಡೆ ತುಂಬಿಕೊಂಡಿದೆ. ಆದರೆ ಇಂದಿನ ಮಟ್ಟಕ್ಕೆ ಸರಿಯಾಗಿ ಅಳೆದಿರುವುದು ಕಡಲತಳದ ಕಾಲು ಭಾಗದಷ್ಟು ಮಾತ್ರ. ಉಳಿದ ಬಹುಪಾಲು ಉಪಗ್ರಹದ ಅಳತೆಯಿಂದ ಮಾಡಿದ ಅಂದಾಜು. ಆ ಅಂದಾಜಿನ ಮೇಲೆ ಮೂರು ಆಯಾಮದ ಭಾರೀ ಲೆಕ್ಕ ಓಡಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆ, ಜನ ನಂಬಿಬಿಡುತ್ತಾರೆ. ಒಂದೊಂದು ಹಡಗು ಎಷ್ಟು ಸದ್ದು ಮಾಡುತ್ತದೆ ಅನ್ನೋದೇ ಹಲವು ಡೆಸಿಬೆಲ್ ಆಚೀಚೆ ಆಗುತ್ತದೆ. ತಳ ಕೆಸರಾ, ಮರಳಾ, ಬಂಡೆಯಾ ಅನ್ನೋದೂ ಅಷ್ಟೇ ಮುಖ್ಯ. ಮೆತ್ತನೆ ಕೆಸರು ಸದ್ದನ್ನು ನುಂಗುತ್ತದೆ, ಗಟ್ಟಿ ತಳ ವಾಪಸ್ ಎಸೆಯುತ್ತದೆ, ಆಕಾರ ಒಂದೇ ಇದ್ದರೂ. ಅಳೆಯಲು ಒಂದೇ ದಿನ ಹಡಗು ಸಿಕ್ಕರೆ ನಾನು ಮೊದಲು ತಳದ ಕೆಸರನ್ನೇ ಎತ್ತಿ ನೋಡುತ್ತೇನೆ.