ಪ್ರೇಮ ಕಾದಂಬರಿ ಹಗುರವಾಗಿದ್ದರೆ ಸಾಲದೇ?

ಪರ: ಧಾರಾಳವಾಗಿ ಸಾಕು

ಪ್ರೇಮ ಕಾದಂಬರಿ ಅಂದರೆ ಕಲಬುರಗಿಯ ಓದುಗರಿಗೆ ಒಂದು ಬಿಂಕ. ಪೂರ್ತಿ ಓದಿರುತ್ತಾರೆ, ಕೇಳಿದರೆ ಮಾತ್ರ “ಏ, ಸುಮ್ ಟೈಂಪಾಸಿಗಿ ಓದಿನ್ರಿ” ಎನ್ನುತ್ತಾರೆ. ಹೆಂಗಸರ ಕಾದಂಬರಿಗಳನ್ನು ಒಂದು ಕಾಲಕ್ಕೆ ‘ಅಡುಗೆಮನೆ ಸಾಹಿತ್ಯ’ ಎಂದು ಮೂಲೆಗೆ ತಳ್ಳಿದ್ದೂ ಇದೇ ಬಿಂಕ.

ಕೊನೆಗೆ ಇಬ್ಬರೂ ಒಂದಾಗುತ್ತಾರೆಂದು ಮೊದಲ ಪುಟದಲ್ಲೇ ಗೊತ್ತು, ಇನ್ನೇನಿದೆ ಓದಲಿಕ್ಕೆ ಎಂಬುದು ದೊಡ್ಡ ಆಕ್ಷೇಪ. ಗೊತ್ತಿರುವುದರಿಂದಲೇ ಬರೆಯುವವರಿಗೆ ಕಷ್ಟ. ಓದುಗರನ್ನು ಹಿಡಿದಿಡಲು ಉಳಿಯುವುದು ಮಾತು, ಚೇಷ್ಟೆ, ತಡ ಮಾಡುವ ಜಾಣತನ ಇಷ್ಟೇ. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕೆಲಸಕ್ಕೆ ಮರಳುವ ಹುಡುಗಿಗೆ ವಾಡಿಯಲ್ಲಿ ಜಗಳ, ಯಾದಗಿರಿಯಲ್ಲಿ ಮುನಿಸು, ರಾಯಚೂರು ದಾಟುವಾಗ ಒಂದು ಕಳ್ಳನಗು ಸಿಕ್ಕರೆ ಅದೇನು ಕಡಿಮೆಯೇ? ಪಿ.ಜಿ. ಕೋಣೆ, ಸಂಬಳ, ತಡರಾತ್ರಿಯ ಮೆಸೇಜು, ಎಲ್ಲ ಅವಳ ದಿನಚರಿಯೇ. ಈ ಕಥೆಗಳಲ್ಲಿ ಹೆಣ್ಣು ತನಗೆ ಬೇಕಾದ್ದನ್ನು ಬೇಕೆನ್ನುತ್ತಾಳೆ, ಬೇಡಾದ್ದನ್ನು ಬೇಡವೆನ್ನುತ್ತಾಳೆ, ಅದಕ್ಕಾಗಿ ಸಾಯುವುದಿಲ್ಲ. ನನಗೆ ಇದು ಸಣ್ಣ ಸಂಗತಿಯಲ್ಲ.

ನಡುವೆ ಎಳೆದಾಡುತ್ತಾರೆ, ಒಪ್ಪುತ್ತೇನೆ. ಒಂದು ಫೋನಿನಲ್ಲಿ ಬಗೆಹರಿಯುವ ತಪ್ಪು ತಿಳಿವಳಿಕೆಗೆ ಐವತ್ತು ಪುಟ! ಅಲ್ಲಿ ನಾನೂ ಹಾಳೆ ಹಾರಿಸುತ್ತೇನೆ.

ವಿರೋಧ: ಯಾವುದನ್ನು ಇಳಿಸಿ ಹಗುರಾಯಿತು?

ಆ ಐವತ್ತು ಪುಟ ಯಾಕೆ ಬೇಕಾದವು? ನಿಜವಾದ ಅಡ್ಡಿಯನ್ನು ಕಥೆಯಿಂದ ಹೊರಗಿಟ್ಟ ಮೇಲೆ ಸುಳ್ಳು ಅಡ್ಡಿಯೊಂದನ್ನು ಹುಟ್ಟಿಸಲೇಬೇಕು. ನಾಯಕ ನಾಯಕಿಗೆ ಚಂದದ ಹೆಸರಿವೆ, ಅಡ್ಡಹೆಸರಿಲ್ಲ. “ನೀವ್ ಯಾವ ಮಂದಿರಿ?” ಎಂದು ಜಾತಿ ಕೇಳುವ ಒಬ್ಬ ಅತ್ತೆಯೂ ಸುಳಿಯುವುದಿಲ್ಲ. ನಮ್ಮ ಕಡೆ ಮೊದಲ ಚಹಾ ಮುಗಿಯುವುದರೊಳಗೆ ಬರುವ ಪ್ರಶ್ನೆ ಅದು. (ಕಾದಂಬರಿಯವರು ಚಹಾ ಕುಡಿಯುವುದೂ ಅಪರೂಪ, ಬರೀ ಫಿಲ್ಟರ್ ಕಾಫಿ.)

ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ನಿಂತು ಇದನ್ನು ಓದಿ ನೋಡಿ. 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಬೀಗರಿಬ್ಬರಿಗೂ ಮರಣದಂಡನೆಯಾಗಿ ಕಲ್ಯಾಣವೇ ಹೊತ್ತಿ ಉರಿಯಿತು ಎನ್ನುತ್ತದೆ ಶರಣರ ಕಥನ ಪರಂಪರೆ. ಇಂಥ ನೆಲದ ಓದುಗರಿಗೆ ಜಾತಿಯೇ ಇಲ್ಲದ ಪ್ರೇಮವನ್ನು ಸಮಕಾಲೀನ ಎಂದು ಕೊಟ್ಟರೆ ಹೇಗೆ ನಂಬುವುದು?

ಭಾಷೆಯದೂ ಅದೇ ಕಥೆ. ನಮ್ಮ ಕನ್ನಡ ಆಡುವವರು ಬಂದರೆ ನಗಿಸಲಿಕ್ಕೆ ಬಂದ ಗೆಳೆಯನಾಗಿ. ಪ್ರೇಮ ನಿವೇದನೆ ಮಾತ್ರ ಬೆಂಗಳೂರು ಮಾತಿನಲ್ಲಿ. ಸಾವಳಗಿಯ ಗೀತಾ ನಾಗಭೂಷಣ ಕಲಬುರಗಿಯ ಮಾತಿನಲ್ಲೇ ಇಡೀ ಕಾದಂಬರಿ ನಡೆಸಿ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅಷ್ಟು ನೋವು ಹೊತ್ತ ಮಾತಿಗೆ ಒಂದು ಸರಸ ಹೊರಲಾಗದೇ?

ಗೆಳತಿ ಹೇಳಿದಂತೆ ಹುಡುಗಿ ಸಾಯದೇ ಇರುವುದು ನನಗೂ ಇಷ್ಟ, ಕಣ್ಣೀರಿನ ಕಾದಂಬರಿ ನಾನೂ ಕೇಳುತ್ತಿಲ್ಲ. ಜಾತಿ, ಧರ್ಮ ಬೇರೆಯಾದವರೂ ಮದುವೆಯಾಗಲು ಇರುವ 1954ರ ವಿಶೇಷ ವಿವಾಹ ಕಾಯ್ದೆಯನ್ನೇ ನೋಡಿ: ನೋಟಿಸು ಕೊಟ್ಟು 30 ದಿನ ಕಾಯಬೇಕು, ಆ ನೋಟಿಸು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುತ್ತಿರುತ್ತದೆ. ಹುಡುಗಿಯ ಸೋದರಮಾವ ಯಾವುದೋ ಕಾಗದದ ಕೆಲಸಕ್ಕೆ ದಿನಾ ಅದೇ ಕಚೇರಿಗೆ ಬರುತ್ತಾನೆ ಎಂದಿಟ್ಟುಕೊಳ್ಳಿ. ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದಾನೆ, ಬೋರ್ಡಿನ ಮೇಲೇನು ಬರೆದಿದೆ ಓದಪ್ಪಾ ಎಂದು ಆ ಹುಡುಗನನ್ನೇ ಕೇಳುತ್ತಿದ್ದಾನೆ. ಬರೆಯಿರಿ ಇದನ್ನು, ಒಂದು ಪುಟವನ್ನೂ ಹಾರಿಸದೆ ಓದುತ್ತೇನೆ.