ಅಪ್ಪ ಎತ್ತದ ಸೈಕಲ್ಲು

ತೀರಿಕೊಂಡವರ ಬಗ್ಗೆ ನಾಲ್ಕು ಒಳ್ಳೆಯ ಮಾತನಾಡಬೇಕೆಂಬುದರಲ್ಲಿ ನನಗೇನೂ ತಕರಾರಿಲ್ಲ. ಆದರೆ ಆ ನಾಲ್ಕು ಮಾತು ನಾನೂರಾಗಿ, ತೀರಿಕೊಂಡವರು ಯಾರೆಂಬ ಗುರುತೇ ಸಿಗದಂತಾದಾಗ ಮೈ ಉರಿಯದೆ ಇರುವುದಿಲ್ಲ. ಮೊನ್ನೆ ನೆಂಟರೆಲ್ಲ ಮನೆಯಲ್ಲಿ ಸೇರಿದ್ದಾಗ ಚಿಕ್ಕಪ್ಪ ನಮ್ಮ ಅಪ್ಪನ ಸೈಕಲ್ ಪ್ರಸಂಗವನ್ನು ಮತ್ತೊಮ್ಮೆ ಹೇಳಿದರು. ಆ ಉರಿ ಇನ್ನೂ ಆರಿಲ್ಲ.

ಅಪ್ಪ ಸಣ್ಣ ಊರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಒಂದು ಸಂಜೆ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬರುತ್ತಿದ್ದಾಗ ಬೀದಿನಾಯಿಯೊಂದು ಬೊಗಳಿತು. ಅಪ್ಪ ಗಾಬರಿಯಿಂದ ಬ್ರೇಕು ಹಿಡಿದರು, ಚೈನು ಕಳಚಿತು, ಸೈಕಲ್ಲು ವಾಲಿತು, ನಾವಿಬ್ಬರೂ ಮೋರಿಯ ಪಕ್ಕದ ಮಣ್ಣಿನಲ್ಲಿ ಬಿದ್ದೆವು. ಆ ಸದ್ದಿಗೆ ನಮಗಿಂತ ಹೆಚ್ಚು ಹೆದರಿದ ನಾಯಿ ಬಾಲ ಮುದುರಿಕೊಂಡು ಓಡಿಹೋಯಿತು. ಅಪ್ಪ ಚೈನು ಹಾಕಿ, ಗ್ರೀಸು ಮೆತ್ತಿದ ಬೆರಳುಗಳನ್ನು ಯಾರದೋ ಕಾಂಪೌಂಡ್ ಗೋಡೆಗೆ ಒರೆಸಿ, “ಅಮ್ಮನಿಗೆ ಹೇಳಬೇಡ” ಎಂದರು. ನಡೆದದ್ದು ಇಷ್ಟೇ.

ಆ ದಿನ ಚಿಕ್ಕಪ್ಪ ಊರಿನಲ್ಲಿರಲಿಲ್ಲ. ಬಹುಶಃ ಅದೇ ಅವರಿಗೆ ಅನುಕೂಲವಾಗಿರಬೇಕು. ಮೊದಮೊದಲು ಅವರು ನಾಯಿಗೆ ಹುಚ್ಚು ಹಿಡಿಸಿದರು. ಆಮೇಲೆ ಅದಕ್ಕೊಂದು ಜೊತೆ ಕೊಟ್ಟರು. ಈಗ ಅದೊಂದು ಹಿಂಡು. ಅಪ್ಪ ಸೈಕಲ್ಲನ್ನೇ ತಲೆಯ ಮೇಲಕ್ಕೆತ್ತಿ, ಗರಗರನೆ ತಿರುಗಿಸಿ, ಆ ಹಿಂಡನ್ನು ಊರಾಚೆಯವರೆಗೆ ಅಟ್ಟಿಬಿಡುತ್ತಾರೆ. ಈ ಘಟ್ಟ ಬಂದಾಗ ಚಿಕ್ಕಪ್ಪ ಕುರ್ಚಿಯಿಂದೆದ್ದು, ಎರಡೂ ಕೈ ಮೇಲೆತ್ತಿ, ತಾವೇ ಒಂದು ಸುತ್ತು ತಿರುಗುತ್ತಾರೆ. ಅವರ ಕೈಗೆ ಎಲ್ಲಿ ಫ್ಯಾನು ತಗುಲೀತೋ ಎಂದು ಯಾರಾದರೊಬ್ಬರು ಓಡಿಹೋಗಿ ಸ್ವಿಚ್ಚು ಆರಿಸುತ್ತಾರೆ. ಫ್ಯಾನು ನಿಂತ ಸೆಕೆಗೆ ಕೇಳುವವರ ಹಣೆಯಲ್ಲೆಲ್ಲ ಬೆವರು ಮೂಡುವುದರಿಂದ ಕಥೆಗೆ ಇನ್ನಷ್ಟು ಕಳೆ ಬರುತ್ತದೆ. ಕೊನೆಗೆ, ಇಷ್ಟೆಲ್ಲ ಪರಾಕ್ರಮ ಯಾರಿಗಾಗಿ ಎಂದು ಕೇಳಿ, ಅವರೇ ನನ್ನತ್ತ ಕೈ ತೋರಿಸುತ್ತಾರೆ. ಎಲ್ಲರೂ ನನ್ನ ಕಣ್ಣಿನಲ್ಲಿ ನೀರಿದೆಯೇ ಎಂದು ಪರೀಕ್ಷಿಸುತ್ತಾರೆ. ಸೈಕಲ್ಲನ್ನು ತಲೆಯ ಮೇಲೆತ್ತಿ ತಿರುಗಿಸುವಾಗ ಕ್ಯಾರಿಯರ್ ಮೇಲಿದ್ದ ನಾನು ಎಲ್ಲಿಗೆ ಹೋದೆ ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ನಾನೇ ಕೇಳಿದರೆ, “ನೀನಾಗ ಚಿಕ್ಕವನು ಕಣೋ, ನಿನಗೇನು ನೆನಪಿರುತ್ತೆ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಒಮ್ಮೆ ಕೇಳಿದ ಕಥೆಯನ್ನು ಜನ ನೆನಪಿನಿಂದ ಹೇಳುವಾಗ ತಮಗೆ ಪರಿಚಿತವಾದ ಅಚ್ಚಿಗೆ ಅದನ್ನು ಬಗ್ಗಿಸಿಕೊಳ್ಳುತ್ತಾರೆಂದು ಬ್ರಿಟಿಷ್ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಬರೆದಿದ್ದರು. ಅವರು ಪ್ರಯೋಗಕ್ಕೆ ಬಳಸಿದ ಕಥೆಯಲ್ಲಿ ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆ ಹೊರಟವರು ಇನ್ನೊಬ್ಬರ ಬಾಯಲ್ಲಿ ಮೀನು ಹಿಡಿಯಲು ಹೊರಟಿದ್ದರಂತೆ. ಅಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಹೇಳುತ್ತ ಹೇಳುತ್ತ ಕಥೆ ಚಿಕ್ಕದಾಗುತ್ತದೆ ಎಂಬುದನ್ನೂ ಅವರು ಕಂಡುಕೊಂಡಿದ್ದರು. ಪಾಪ, ಅವರಿಗೆ ನಮ್ಮ ಚಿಕ್ಕಪ್ಪನ ಪರಿಚಯವಿರಲಿಲ್ಲ.

ನನಗೆ ಸಿಟ್ಟು ಬರುವುದು ಸುಳ್ಳಿಗಲ್ಲ, ಆ ಸುಳ್ಳು ಹಿಡಿಯುವ ಜಾಗಕ್ಕೆ. ಟಾರ್ಚಿನ ಸೆಲ್ಲುಗಳು ಸೋತಾಗ ಅವನ್ನು ಕಿಟಕಿಯ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ನೆರಳು ಸರಿದಂತೆ ತಾವೇ ಬಂದು ಬಂದು ಸರಿಸುತ್ತಿದ್ದ ಮನುಷ್ಯ ನಮ್ಮ ಅಪ್ಪ. ರಾತ್ರಿ ಚಿಲಕ ಹಾಕಿ ಮಲಗಿದ ಮೇಲೆ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಎದ್ದು ಬರುತ್ತಿದ್ದರು. ಹಾಗೆ ಬಂದವರು ಹೋಗುವಾಗ, ಕಾಲಿನ ಬಳಿ ಸರಿದುಹೋದ ನನ್ನ ಹೊದಿಕೆಯನ್ನು ಎಳೆದು ಹೊದಿಸುತ್ತಿದ್ದರು. ಎಚ್ಚರವಿದ್ದರೂ ನಾನು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದೆ. ಇದನ್ನೊಮ್ಮೆ ಹೇಳಲು ಹೊರಟಾಗ ನೆಂಟರಲ್ಲಿ ಒಬ್ಬರು ಆಕಳಿಸಿದರು, ಇನ್ನೊಬ್ಬರು “ನಾಯಿ ವಿಷಯ ಹೇಳಿ” ಎಂದು ಚಿಕ್ಕಪ್ಪನ ಕಡೆಗೆ ತಿರುಗಿದರು.

ಮೊನ್ನೆ ನಾನು ತಡೆಯಲಾರದೆ ಅಮ್ಮನನ್ನೇ ಸಾಕ್ಷಿಗೆ ಕರೆದೆ. ಅಪ್ಪನಿಗೆ ನಾಯಿ ಕಂಡರೆ ಎಷ್ಟು ಭಯವಿತ್ತೆಂಬುದು ಅಮ್ಮನಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಅಮ್ಮ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಯೋಚಿಸಿ, “ಒಂದು ತಪ್ಪಿದೆ. ಸೈಕಲ್ಲು ಕಪ್ಪಲ್ಲ, ಹಸಿರು” ಎಂದರು.

ಚಿಕ್ಕಪ್ಪ ಈ ತಿದ್ದುಪಡಿಯನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡು, ಹಸಿರು ಸೈಕಲ್ಲಿನೊಂದಿಗೆ ಕಥೆಯನ್ನು ಮೊದಲಿನಿಂದ ಆರಂಭಿಸಿದರು.